ನಾಲ್ಕು ತುಂಡು ಕಬ್ಬಿಣದ ಲೆಕ್ಕ

"ಮಾಮ, ಇಷ್ಟು ದೂರ ಬಂದೆ. ಏನು ಮಾಡಿದರೂ ಕ್ವೆಸ್ಟ್ ಶುರುವಾಗ್ತಾ ಇಲ್ಲ."

ಜುಲೈ ಮಳೆ. ಅಕ್ಕನ ಮಗ ಶನಿವಾರ ಮುಲುಂಡ್‌ನಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಸೋಮವಾರ ಬೆಳಿಗ್ಗೆ ಇಲ್ಲಿಂದಲೇ ಮಾಟುಂಗಾದ ಕಾಲೇಜಿಗೆ ಹೋಗುವುದಿತ್ತು. ಕುರ್ಲಾ ಮತ್ತು ಸಾಯನ್ ನಡುವೆ ಹಳಿ ಮೇಲೆ ನೀರು, ಲೋಕಲ್ ಬಂದ್. ನನಗೂ ಆಫೀಸಿಲ್ಲ. ಅವನಿಗೆ ಅಷ್ಟೇ ಸಾಕಿತ್ತು. ನನ್ನ ಹಳೇ ಲ್ಯಾಪ್‌ಟಾಪ್ ಎಳೆದುಕೊಂಡು ಸ್ಕೈರಿಮ್ ಎಂಬ ಆಟ ಹಾಕಿ ಕೂತ.

ನಾನು ಹೋಗಿ ನೋಡುವಾಗ ಅವನ ಆಳು ಹಿಮದ ಬೆಟ್ಟದ ಮೇಲೆ, ಬೋಇಥಿಯಾ ಎಂಬ ದೇವತೆಯ ಗುಡಿ ಹತ್ತಿರ ಇದ್ದ. ಲೆವೆಲ್ 4. ಮೈಗೆ ಒಂದು ಕಬ್ಬಿಣದ ಎದೆಗವಚ. ತಲೆ, ಕೈ, ಕಾಲು ಎಲ್ಲ ಖಾಲಿ. ದಾರಿಯಲ್ಲಿ ಎಂಟು ಸಲ ಸತ್ತಿದ್ದನಂತೆ. ಯಾವುದೋ ವಿಡಿಯೊದಲ್ಲಿ ಎಬನಿ ಮೇಲ್ ಎಂಬ ಕವಚ ಇಲ್ಲಿ ಸಿಗುತ್ತದೆ ಅಂತ ನೋಡಿ ಬಂದಿದ್ದ. ಸಿಗುವುದು ನಿಜ. ಆದರೆ ನಮ್ಮ ಲೆವೆಲ್ 30 ಮುಟ್ಟುವ ತನಕ ಆ ಕ್ವೆಸ್ಟ್, ಅಂದರೆ ಆಟ ಒಪ್ಪಿಸುವ ಆ ಕೆಲಸ, ಶುರುವೇ ಆಗುವುದಿಲ್ಲ. ವಿಡಿಯೊದವನು ಆ ಮಾತು ಹೇಳಿರಲಿಲ್ಲ, ಅಥವಾ ಇವನು ಅಷ್ಟು ಹೊತ್ತು ನೋಡಿರಲಿಲ್ಲ.

"ಎಂಥ ಮಾರಾಯ, ಒಂದು ಹೆಲ್ಮೆಟ್ ಆದರೂ ಹಾಕಬಾರದಾ?" ಅಂದೆ.

"ಹೆಲ್ಮೆಟ್‌ನಿಂದ ಎಷ್ಟು ಮಹಾ ಬರ್ತದೆ ಮಾಮ? ಹದಿನೈದು ಪಾಯಿಂಟು."

ಆ ಹದಿನೈದು ಪಾಯಿಂಟನ್ನು ಬಿಡಿಸಿ ನೋಡಿದರೆ ಇಂಥ ಆಟಗಳಲ್ಲಿ ಆರ್ಮರ್, ಅಂದರೆ ಕವಚ, ಹೇಗೆ ಕೆಲಸ ಮಾಡುತ್ತದೆ ಅಂತ ಅರ್ಧ ಗೊತ್ತಾಗುತ್ತದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ಕರ್ಣನ ಹಾಗೆ ಹುಟ್ಟುತ್ತಲೇ ಕವಚ ಕಟ್ಟಿಕೊಂಡು ಬಂದವರು ಬೇರೆ ಏನಾದರೂ ಓದಬಹುದು.

ಕಾಣುವ ಅಂಕಿ, ಕಾಣದ ಅಂಕಿ

ಆಡದವರಿಗೆ ಎರಡು ಮಾತು. ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ರಂದು, ಬೆಥೆಸ್ಡಾ ಕಂಪನಿಯಿಂದ. ಮೊದಲ ಅರ್ಧ ಗಂಟೆ ಹೆಲ್ಗನ್ ಎಂಬ ಊರಲ್ಲಿ ಡ್ರ್ಯಾಗನ್‌ನಿಂದ ತಪ್ಪಿಸಿಕೊಳ್ಳಬೇಕು. ಆಮೇಲೆ ಇಡೀ ದೇಶ ನಿಮ್ಮದು. ಯಾವ ದಿಕ್ಕಿಗೆ ಬೇಕಾದರೂ ಹೋಗಿ, ಯಾರೂ ತಡೆಯುವುದಿಲ್ಲ. ಇದಕ್ಕೇ ಓಪನ್ ವರ್ಲ್ಡ್ ಅನ್ನುವುದು. ಹಾಗೆ ಬಿಟ್ಟ ಕೂಡಲೇ ಎಲ್ಲರ ತಲೆಗೂ ಬರುವ ಯೋಚನೆ ಒಂದೇ: ಎಲ್ಲಕ್ಕಿಂತ ಗಟ್ಟಿ ಆರ್ಮರ್ ಎಲ್ಲಿದೆ? ಸೀದಾ ಅಲ್ಲಿಗೆ ಹೋದರಾಯಿತು, ಅಲ್ವಾ?

ಈಗ ಲೆಕ್ಕ. ಆರ್ಮರ್‌ನ ಒಂದೊಂದು ಪಾಯಿಂಟು ನಿಮಗೆ ಬೀಳುವ ಪೆಟ್ಟಿನಲ್ಲಿ ಶೇಕಡಾ 0.12 ಕಡಿಮೆ ಮಾಡುತ್ತದೆ. ನೂರು ಪಾಯಿಂಟಿಗೆ ಶೇಕಡಾ 12. ಇಷ್ಟು ಸುಲಭ. ಆದರೆ ಆಟ ಬಾಯಿಬಿಡದ ಒಂದು ಸಂಗತಿ ಇದೆ. ನೀವು ತೊಡುವ ಪ್ರತಿ ತುಂಡಿಗೂ, ಅದು ಎಷ್ಟೇ ಕಳಪೆಯಾಗಿರಲಿ, ಒಳಗೊಳಗೇ 25 ಪಾಯಿಂಟು ಸೇರುತ್ತದೆ. ಎದೆ, ತಲೆ, ಕೈ, ಕಾಲು, ಹಿಡಿದರೆ ಗುರಾಣಿ. ಈ 25 ಸ್ಕ್ರೀನ್ ಮೇಲೆ ಎಲ್ಲೂ ಬರುವುದಿಲ್ಲ. ಆಡುವವರೇ ಕೆದಕಿ ಕಂಡುಹಿಡಿದದ್ದು.

ಹಾಗಾದರೆ ನಾಲ್ಕು ತುಂಡು ಹಾಕಿದವನಿಗೆ ಸುಮ್ನೆ 100 ಪಾಯಿಂಟು ಬಂತು. ಅಂದರೆ ಶೇಕಡಾ 12 ಪುಕ್ಕಟೆ.

ಸಾದಾ ಕಬ್ಬಿಣದ ಪೂರ್ತಿ ಸೆಟ್ಟಿನ ಮೂಲ ಅಂಕಿ 60: ಎದೆಗೆ 25, ತಲೆಗೆ 15, ಕೈಗೆ 10, ಕಾಲಿಗೆ 10. ಉಕ್ಕಿನದು 72. ಆಟದಲ್ಲಿ ತುದಿಗಿರುವ ಡೇಡ್ರಿಕ್ ಸೆಟ್ಟಿನದು 108. ಅಂಕಿ ನೋಡಿದರೆ ಡೇಡ್ರಿಕ್ ಕಬ್ಬಿಣದ ಎರಡು ಪಟ್ಟು ಹತ್ತಿರ. ಆದರೆ ಗುಟ್ಟಿನ ನೂರನ್ನು ಸೇರಿಸಿ, ಆರ್ಮರ್ ತೊಡುವುದರಲ್ಲಿ ಹೊಸಬನ ಕೌಶಲ್ಯ 15 ಅಂತ ಹಿಡಿದು ಲೆಕ್ಕ ಹಾಕಿದರೆ ಕಥೆಯೇ ಬೇರೆ. ಕಬ್ಬಿಣ ಶೇಕಡಾ 20ರಷ್ಟು ಪೆಟ್ಟು ತಡೆಯುತ್ತದೆ. ಉಕ್ಕು ಶೇಕಡಾ 21. ಡೇಡ್ರಿಕ್ ಶೇಕಡಾ 26.

ಎದುರಾಳಿ 40 ಪಾಯಿಂಟಿನ ಏಟು ಹಾಕಿದ ಅಂತ ಇಟ್ಟುಕೊಳ್ಳಿ. ಬರಿಮೈಗೆ 40 ಪೂರ್ತಿ ಬೀಳುತ್ತದೆ. ಕಬ್ಬಿಣ ಹಾಕಿದ್ದರೆ 32. ಡೇಡ್ರಿಕ್ ಹಾಕಿದ್ದರೆ 30. ಏನೂ ಇಲ್ಲದ್ದರಿಂದ ಕಬ್ಬಿಣಕ್ಕೆ ಬಂದರೆ 8 ಪಾಯಿಂಟು ಲಾಭ. ಅಲ್ಲಿಂದ ಆಟದ ಕಟ್ಟಕಡೆಯ ಆರ್ಮರ್‌ಗೆ ಜಿಗಿದರೆ ಇನ್ನೆರಡು. ಎರಡೇ.

ಈಗ ನಮ್ಮ ಹುಡುಗನ ಎಬನಿ ಮೇಲ್‌ಗೆ ಬನ್ನಿ. ಅದರ ಮೂಲ ಅಂಕಿ 45. ಅವನ ಮೈಮೇಲಿದ್ದ ಕಬ್ಬಿಣದ ಎದೆಗವಚ 25. ವ್ಯತ್ಯಾಸ 20. ಅದು ಸಿಕ್ಕಿದ್ದರೂ ಅವನಿಗೆ ಹೆಚ್ಚಾಗುತ್ತಿದ್ದದ್ದು ಶೇಕಡಾ ಎರಡೂವರೆ. ಅವನು ಬೇಡ ಅಂದ ಹೆಲ್ಮೆಟ್ಟು? ಕಾಣುವ 15, ಕಾಣದ 25, ಸೇರಿ 40. ಶೇಕಡಾ 5ರ ಹತ್ತಿರ. ಎಂಟು ಸಲ ಸತ್ತು ದೇಶದ ಇನ್ನೊಂದು ಮೂಲೆಗೆ ನಡೆದದ್ದರ ಎರಡರಷ್ಟು ಲಾಭ, ಮೊದಲ ಊರಿನ ಅಂಗಡಿಯಲ್ಲೇ ಇತ್ತು.

ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಆದರೆ ಎಬನಿ ಮೇಲ್ ಹಾಕಿದರೆ ಸುತ್ತ ವಿಷದ ಹೊಗೆ ಬರ್ತದಲ್ಲ ಮಾಮ" ಅಂದ. ಅದು ಸರಿ. ಹತ್ತಿರ ಬಂದವರಿಗೆ ವಿಷ ತಾಗುತ್ತದೆ, ನಡೆಯುವ ಸದ್ದೂ ಕಡಿಮೆ ಆಗುತ್ತದೆ. ನೋಡಲಿಕ್ಕಂತೂ ಭಾರೀ ಚಂದ. ಚಂದಕ್ಕೆ ಹಾಕುವವರ ಹತ್ತಿರ ನನ್ನ ತಕರಾರಿಲ್ಲ.

ಹಾಗಾದರೆ ದೊಡ್ಡ ಆರ್ಮರ್ ಯಾಕೆ?

ಡೇಡ್ರಿಕ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದರ ಕಾಲ ಬೇರೆ. ಸ್ಕೈರಿಮ್‌ನಲ್ಲಿ ಆರ್ಮರ್‌ನ ಮೂಲ ಅಂಕಿಯನ್ನು ಹಲವು ಸಂಗತಿಗಳು ಗುಣಿಸುತ್ತವೆ. ಭಾರದ ಆರ್ಮರ್ ತೊಡುವ ಕೌಶಲ್ಯ 100 ಮುಟ್ಟಿದರೆ ಅಂಕಿ 1.4 ಪಟ್ಟು. ಜಗರ್ನಾಟ್ ಎಂಬ ಪರ್ಕನ್ನು (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಗುಣ) ಐದೂ ಸಲ ತೆಗೆದುಕೊಂಡರೆ ಎರಡು ಪಟ್ಟು. ನಾಲ್ಕೂ ತುಂಡು ಭಾರದ ಜಾತಿಯವೇ ಆಗಿದ್ದು, ಅದರ ಪರ್ಕ್ ಇದ್ದರೆ ಇನ್ನೊಂದು ಕಾಲು ಭಾಗ. ನಾಲ್ಕೂ ಒಂದೇ ಸೆಟ್ಟಿನವಾಗಿದ್ದು, ಅದರ ಪರ್ಕೂ ಇದ್ದರೆ ಮತ್ತೊಂದು ಕಾಲು. ಇದೆಲ್ಲ ಒಂದರ ಮೇಲೊಂದು ಗುಣಾಕಾರ. ಕೂಡುವ ಲೆಕ್ಕ ಅಲ್ಲ.

ಈ ಎಲ್ಲವೂ ಇದ್ದವನು ಸಾದಾ ಉಕ್ಕು ಹಾಕಿದರೆ ಶೇಕಡಾ 50ರಷ್ಟು ಪೆಟ್ಟು ತಡೆಯುತ್ತಾನೆ. ಡೇಡ್ರಿಕ್ ಹಾಕಿದರೆ ಶೇಕಡಾ 69. ಅಲ್ಲಿ ನೋಡಿ ವ್ಯತ್ಯಾಸ, ಹತ್ತೊಂಬತ್ತು. ಸಣ್ಣ ಮೊತ್ತಕ್ಕೆ ಬಡ್ಡಿ ಎಷ್ಟಿದ್ದರೇನು? ದೊಡ್ಡ ಮೊತ್ತಕ್ಕೆ ಅದೇ ಬಡ್ಡಿ ಹಾಕಿ, ಆಗ ಗೊತ್ತಾಗುತ್ತದೆ. ಹಾಗಂತ ಕೊನೆಯಿಲ್ಲದೆ ಏರಲಿಕ್ಕೂ ಆಗುವುದಿಲ್ಲ. ಶೇಕಡಾ 80ಕ್ಕೆ ಆಟ ಗೋಡೆ ಹಾಕಿದೆ. ಗುರಾಣಿ ಇಲ್ಲದೆ ನಾಲ್ಕು ತುಂಡು ಹಾಕಿದವನಿಗೆ ಸ್ಕ್ರೀನ್ ಮೇಲೆ 567 ಕಂಡರೆ ಆ ಗೋಡೆ ಮುಟ್ಟಿದ ಹಾಗೆ. ಗುರಾಣಿಯೂ ಇದ್ದರೆ 542. ಅದರ ಮೇಲೆ ಎಷ್ಟು ಸೇರಿಸಿದರೂ ದಂಡ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಅಂಕಿಗಳೆಲ್ಲ ಕತ್ತಿ, ಕೊಡಲಿ, ಬಾಣಕ್ಕೆ ಮಾತ್ರ. ಮಾಟಗಾರ ಬೆಂಕಿ ಎಸೆದರೆ, ಡ್ರ್ಯಾಗನ್ ಉಗುಳಿದರೆ, ನಿಮ್ಮ ಆರ್ಮರ್ ಪಾಯಿಂಟು ಲೆಕ್ಕಕ್ಕೇ ಬರುವುದಿಲ್ಲ. ಮಳೆಗೆ ಹಿಡಿದ ಕೊಡೆ ಕೆಳಗಿನ ನೀರಿಗೆ ಏನು ಮಾಡೀತು? ಡೊಂಬಿವಲಿ ಸ್ಟೇಷನ್ ಹೊರಗೆ ಜುಲೈಯಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪೆಟ್ಟಿಗೆಗೆ ನಿಮ್ಮ ಲೆವೆಲ್ ಗೊತ್ತು

"ಸರಿ ಮಾಮ, ಆದರೂ ಯಾವುದಾದರೂ ಗುಹೆಯ ಪೆಟ್ಟಿಗೆಯಲ್ಲಿ ಒಳ್ಳೆಯದು ಸಿಗಬಹುದಲ್ಲ?"

ಸಿಗುವುದಿಲ್ಲ. ಲಾಟರಿ ಅಂತ ಕಾಣುವ ಆ ಪೆಟ್ಟಿಗೆ ಲಾಟರಿ ಅಲ್ಲ. ಒಳಗೆ ಏನಿರಬೇಕು ಎಂದು ಅದು ನಿಮ್ಮ ಲೆವೆಲ್ ನೋಡಿ ಪಟ್ಟಿಯಿಂದ ಆರಿಸುತ್ತದೆ. ಮುಂಬೈಯ ಉಡುಪಿ ಹೋಟೆಲಿನ ಹಾಗೆ ಇದು. ಊರಿಂದ ಬಂದ ಹುಡುಗನ ಕೈಗೆ ಮೊದಲು ಟೇಬಲ್ ಒರೆಸುವ ಬಟ್ಟೆ. ಕೆಲವು ವರ್ಷ ಆದಮೇಲೆ ಆರ್ಡರ್ ತೆಗೆದುಕೊಳ್ಳುವುದು. ಗಲ್ಲಾ ಪೆಟ್ಟಿಗೆ ಹತ್ತಿರ ಕೂರುವುದು ಯಾವಾಗಲೋ. ನಮ್ಮ ದೊಡ್ಡಪ್ಪ ಹಾಗೇ ಬಂದವರು. ಹುಡುಗ ಎಷ್ಟು ಚುರುಕಿದ್ದರೂ ಮೊದಲ ದಿನ ಗಲ್ಲಾ ಬೀಗದ ಕೈ ಕೊಡುವುದಿಲ್ಲ.

ಸ್ಕೈರಿಮ್ ಪಟ್ಟಿಯಲ್ಲಿ ಡ್ವಾರ್ವನ್ ಆರ್ಮರ್ ಲೆವೆಲ್ 12ರಿಂದ ಕಾಣಿಸಿಕೊಳ್ಳುತ್ತದೆ. ಎಬನಿ 32ರಿಂದ. ಡೇಡ್ರಿಕ್ 48ರಿಂದ. ಲೆವೆಲ್ 4ರಲ್ಲಿ ನೀವು ಎಂಥ ಭಯಂಕರ ಗುಹೆಯ ತಳಕ್ಕೆ ಹೋಗಿ ಪೆಟ್ಟಿಗೆ ತೆರೆದರೂ, ಹೆಚ್ಚಾಗಿ ಲೆವೆಲ್ 4ರವನಿಗೆ ಕೊಡುವುದನ್ನೇ ಕೊಡುತ್ತದೆ. ಅಂಗಡಿಯವನೂ ಅಷ್ಟೇ, ಅದೇ ಪಟ್ಟಿ.

ಬೇಗ ಹೋದರೆ ನಷ್ಟವಾಗುವ ಜಾಗಗಳೂ ಇವೆ. ಕಳ್ಳರ ಸಂಘದ ಕಥೆಯಲ್ಲಿ ನೈಟಿಂಗೇಲ್ ಎಂಬ ಆರ್ಮರ್ ಸಿಗುತ್ತದೆ. ಅದನ್ನು ಕೈಗೆ ತೆಗೆದುಕೊಂಡ ದಿನ ನಿಮ್ಮ ಲೆವೆಲ್ ಎಷ್ಟಿತ್ತೋ ಅದರ ಶಕ್ತಿ ಅಲ್ಲಿಗೇ ನಿಂತಿತು. ನೀವು ಬೆಳೆದರೂ ಅದು ಬೆಳೆಯುವುದಿಲ್ಲ. ಅದರ ಪೂರ್ತಿ ಬಲದ ರೂಪ ಬೇಕಿದ್ದರೆ 32 ಆಗುವ ತನಕ ಕಾಯಬೇಕು. ಎಳೇ ಹಲಸು ಕಿತ್ತವನಿಗೆ ಗುಜ್ಜೆ ಪಲ್ಯವೇ ಗತಿ. ಅದೂ ರುಚಿಯೇ, ಆದರೆ ತೊಳೆ ಸಿಗಲಿಲ್ಲವಲ್ಲ.

ಪಟ್ಟಿಗೆ ಸಿಗದೆ ಕೈಯಿಂದ ಇಟ್ಟ ವಸ್ತುಗಳು ಕೆಲವು ಇವೆ. ನನಗೆ ಇಷ್ಟವಾದದ್ದು ಸೇವಿಯರ್ಸ್ ಹೈಡ್. ಫಾಲ್ಕ್ರೀತ್ ಊರಿನ ಜೈಲಿನಲ್ಲಿ ಸಿಂಡಿಂಗ್ ಅಂತ ಒಬ್ಬ ಇದ್ದಾನೆ, ತೋಳಮನುಷ್ಯ. ಅವನ ಹತ್ತಿರ ಮಾತಾಡಿ ಬಿಳಿ ಜಿಂಕೆಯನ್ನು ಹೊಡೆದರೆ ಬೇಟೆಯ ದೇವರು ಹಿರ್ಸೀನ್ ಪ್ರತ್ಯಕ್ಷ. ಸಿಂಡಿಂಗ್‌ನನ್ನು ಕೊಂದು ಅವನ ತೊಗಲು ತಂದುಕೊಟ್ಟರೆ ಈ ಕವಚ, ಉಳಿಸಿದರೆ ಒಂದು ಉಂಗುರ. ಇಂತಿಷ್ಟು ಲೆವೆಲ್ ಬೇಕು ಅನ್ನುವ ಕಟ್ಟು ಇಲ್ಲ. ತಮಾಷೆ ಏನೆಂದರೆ ಇದರ ಅಂಕಿ 26, ಮಾಮೂಲಿ ಚರ್ಮದ ಕವಚದ್ದೂ 26. ಆದರೆ ಇದು ಮಾಟದ ಪೆಟ್ಟನ್ನು ಶೇಕಡಾ 15, ವಿಷವನ್ನು ಶೇಕಡಾ 50 ತಡೆಯುತ್ತದೆ. ಮೇಲೆ ಹೇಳಿದ ಕೊಡೆಯ ತೂತು ಮುಚ್ಚುವ ವಸ್ತು ಇದು. ಪಾಯಿಂಟು ಮಾತ್ರ ನೋಡುವವರು ಇದನ್ನು ಮಾರಿಬಿಡುತ್ತಾರೆ.

ಗುಜರಿ ದಾರಿ

ಹುಡುಕಿದರೆ ಸಿಗುವುದಿಲ್ಲ, ಸಿಕ್ಕಿದರೂ ಮೊದಮೊದಲು ಜಾಸ್ತಿ ಉಪಯೋಗವಿಲ್ಲ. ಹಾಗಾದರೆ ಏನು ಮಾಡುವುದು? ನನ್ನ ಉತ್ತರ ಒಂದೇ: ಪೆಟ್ಟಿಗೆ ಬಿಡಿ, ಕುಲುಮೆಗೆ ಹೋಗಿ. ಪಟ್ಟಿಯ ಬೀಗ ಪೆಟ್ಟಿಗೆಗೂ ಅಂಗಡಿಗೂ ಉಂಟು, ನಿಮ್ಮ ಸುತ್ತಿಗೆಗೆ ಇಲ್ಲ. ಅಲ್ಲಿ ಕೇಳುವುದು ಕಮ್ಮಾರಿಕೆಯ ಕೌಶಲ್ಯ ಮಾತ್ರ. ಡ್ವಾರ್ವನ್ ಮಾಡಲು 30 ಮತ್ತು ಎರಡು ಪರ್ಕ್, ಮೊದಲು ಉಕ್ಕಿನದು, ಆಮೇಲೆ ಡ್ವಾರ್ವನ್‌ದು. ಎಬನಿಗೆ 80, ಡೇಡ್ರಿಕ್‌ಗೆ 90. ಎಂಬತ್ತು ದೂರದ ಮಾತು. ಮೂವತ್ತು ಒಂದು ಮಳೆಗಾಲದ ಮಧ್ಯಾಹ್ನದ ಕೆಲಸ.

ನಾವು ಮಾಡಿದ್ದೂ ಅದೇ. ಹಳೇ ಸೇವ್ ಬಿಟ್ಟು ಹೊಸದಾಗಿ ಶುರು ಮಾಡಿಸಿದೆ. ಹೆಲ್ಗನ್‌ನಿಂದ ರಿವರ್‌ವುಡ್‌ಗೆ ಇಳಿಯುವ ದಾರಿಯಲ್ಲಿ ಮೂರು ನಿಂತ ಕಲ್ಲುಗಳು ಸಿಗುತ್ತವೆ. ಯೋಧನ ಕಲ್ಲನ್ನು ಮುಟ್ಟಿದರೆ ಯೋಧರ ಕೌಶಲ್ಯಗಳೆಲ್ಲ ಶೇಕಡಾ 20 ಬೇಗ ಏರುತ್ತವೆ. ಕಮ್ಮಾರಿಕೆಯೂ ಭಾರದ ಆರ್ಮರೂ ಎರಡೂ ಅದರಲ್ಲೇ ಬರುತ್ತವೆ ಎಂಬುದನ್ನು ತುಂಬಾ ಜನ ಮರೆಯುತ್ತಾರೆ.

ರಿವರ್‌ವುಡ್‌ನಲ್ಲಿ ಆಲ್ವೋರ್ ಎಂಬ ಕಮ್ಮಾರ. ಹೆಲ್ಗನ್‌ನಿಂದ ನಮ್ಮನ್ನು ಪಾರು ಮಾಡಬಹುದಾದ ಹ್ಯಾಡ್‌ವರ್‌ಗೆ ಅವನು ಅಂಕಲ್ ಆಗಬೇಕು. ಮಾಮನೋ ಚಿಕ್ಕಪ್ಪನೋ ದೊಡ್ಡಪ್ಪನೋ, ಇಂಗ್ಲಿಷಿನಲ್ಲಿ ಹೇಗೆ ಗೊತ್ತಾಗಬೇಕು. ನಾನು ಮಾಮ ಅಂತಲೇ ಇಟ್ಟುಕೊಂಡಿದ್ದೇನೆ. ಆಲ್ವೋರ್ ಸಾಮಾನು ಕೊಟ್ಟು ಕೆಲಸ ಕಲಿಸುತ್ತಾನೆ. ಮೊದಲು ಒಂದು ಕಬ್ಬಿಣದ ಚೂರಿ, ಆಮೇಲೆ ಅದನ್ನು ಸಾಣೆ ಹಿಡಿಯುವುದು, ಆಮೇಲೆ ಚರ್ಮ ಹದ ಮಾಡಿ ಹೆಲ್ಮೆಟ್ಟು. ಹೆಲ್ಮೆಟ್ ಹಾಕಿಕೊಳ್ಳುವಾಗ ಅಕ್ಕನ ಮಗ ನನ್ನ ಮುಖ ನೋಡಲಿಲ್ಲ.

ಕೌಶಲ್ಯ ಏರಿಸಲು ಹಳೇ ಕಾಲದಲ್ಲಿ ಎಲ್ಲರೂ ರಾಶಿ ರಾಶಿ ಕಬ್ಬಿಣದ ಚೂರಿ ಹೊಡೆಯುತ್ತಿದ್ದರು. ಆಟದ 1.5 ಪ್ಯಾಚ್ (ಕಂಪನಿಯ ತಿದ್ದುಪಡಿ) ಬಂದಮೇಲೆ ಆ ಉಪಾಯದ ಕಸುವು ಹೋಯಿತು. ಈಗ ಮಾಡಿದ ವಸ್ತುವಿಗೆ ಬೆಲೆ ಎಷ್ಟೋ, ಕಲಿಕೆಯೂ ಅದರ ಮೇಲೆ. ಹಾಗಾಗಿ ಬಂಗಾರ ಬೇಕು. ಬಂಗಾರಕ್ಕೆ ದಾರಿ ವೈಟ್‌ರನ್ ನಗರದ ಉತ್ತರಕ್ಕಿರುವ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪ್, ಡಕಾಯಿತರ ಅಡ್ಡೆ. ಅಲ್ಲಿನ ಗಣಿಯಲ್ಲಿ ಕಬ್ಬಿಣದ ಅದಿರೂ ಇದೆ, ಒಂದು ಮಂತ್ರದ ಪುಸ್ತಕವೂ ಇದೆ. ಆ ಮಂತ್ರ ಹಾಕಿದರೆ ಕಬ್ಬಿಣದ ಅದಿರು ಬೆಳ್ಳಿ ಆಗುತ್ತದೆ, ಬೆಳ್ಳಿ ಬಂಗಾರ ಆಗುತ್ತದೆ. ಒಂದು ಸಲಕ್ಕೆ ಅದಿರಿನ ಒಂದೇ ತುಂಡು, ಬೇಸರದ ಕೆಲಸ. ಗೋಳಿಬಜೆ ತಿನ್ನುತ್ತಾ ಒಂದು ಕೈಯಲ್ಲಿ ಮಾಡಬಹುದು. ಆ ಬಂಗಾರವನ್ನು ಕರಗಿಸಿ ಉಂಗುರ ಮಾಡುತ್ತಾ ಹೋದರೆ ಕಮ್ಮಾರಿಕೆ ಸರಸರ ಏರುತ್ತದೆ. ಉಂಗುರ ಮಾರಿದ ದುಡ್ಡಿನಿಂದ ಗುರುಗಳ ಹತ್ತಿರ ಪಾಠ ಹೇಳಿಸಿಕೊಳ್ಳಬಹುದು, ಒಂದು ಲೆವೆಲ್‌ಗೆ ಐದು ಪಾಠದ ತನಕ.

ಮೂವತ್ತಾದ ಮೇಲೆ ಡ್ವಾರ್ವನ್. ಇದರ ಲೋಹ ಗಣಿಯಲ್ಲಿ ಸಿಗುವುದಿಲ್ಲ. ಡ್ವೀಮರ್ ಎಂಬ ಕಾಣೆಯಾದ ಜನ ಕಟ್ಟಿದ ಪಾಳು ಊರುಗಳಲ್ಲಿ ಅವರ ಯಂತ್ರಗಳ ಚೂರು ಬಿದ್ದಿರುತ್ತದೆ. ಅದನ್ನು ಹೆಕ್ಕಿ ತಂದು ವೈಟ್‌ರನ್‌ನ ಕುಲುಮೆಯಲ್ಲಿ ಕರಗಿಸಬೇಕು. ಇಲ್ಲಿ ನಿಮಗೆ ಭಂಗಾರ್‌ವಾಲಾನ, ಅಂದರೆ ಗುಜರಿಯವನ, ಕಣ್ಣು ಬೇಕು. ನಮ್ಮ ಬಿಲ್ಡಿಂಗ್ ಕೆಳಗೆ ಕೂಗುತ್ತಾ ಬರುವವನು ಯಾವುದು ತಗಡು ಯಾವುದು ತಾಮ್ರ ಅಂತ ಒಂದು ನೋಟದಲ್ಲಿ ಹೇಳುತ್ತಾನೆ. ಆ ಕಣ್ಣು. 'ಬೆಂಟ್ ಸ್ಕ್ರ್ಯಾಪ್' ಅಂತ ಹೆಸರಿದ್ದದ್ದು ತೂಕ ಬರೀ 2, ಕರಗಿಸಿದರೆ 3 ಗಟ್ಟಿ. 'ಸಾಲಿಡ್ ಮೆಟಲ್' ತೂಕ 25, ಸಿಗುವುದು 5 ಗಟ್ಟಿ. ನೋಡಲಿಕ್ಕೆ ದೊಡ್ಡದು, ಹೊರಲಿಕ್ಕೆ ನಷ್ಟ. ಚಕ್ರ, ಸನ್ನೆ, ತಟ್ಟೆ, ಬಟ್ಟಲು ಕರಗುವುದೇ ಇಲ್ಲ. ಹೊಸಬರು ಅದನ್ನೇ ಮೊದಲು ಹೊರುತ್ತಾರೆ. ನೀವು ಹೊರಬಹುದಾದದ್ದು ಶುರುವಿನಲ್ಲಿ 300 ತೂಕ ಮಾತ್ರ. ಡ್ವಾರ್ವನ್ ಎದೆಗವಚ ಒಂದೇ 45 ತೂಗುತ್ತದೆ. ರಿವರ್‌ವುಡ್‌ನ ಫೇಂಡಾಲ್ ಅಥವಾ ಸ್ವೆನ್, ಇಬ್ಬರಲ್ಲಿ ಒಬ್ಬರಿಗೆ ಪ್ರೇಮಪತ್ರದ ವಿಷಯದಲ್ಲಿ ಸಹಾಯ ಮಾಡಿದರೆ ಅವರು ಜೊತೆಗೆ ಬರುತ್ತಾರೆ. ಒಳ್ಳೆಯ ಹಮಾಲ ಆಗುತ್ತಾರೆ.

ಇಷ್ಟಾದರೂ ಡ್ವಾರ್ವನ್ ಸೆಟ್ಟಿನ ಮೂಲ ಅಂಕಿ 78. ಉಕ್ಕಿಗಿಂತ ಆರೇ ಹೆಚ್ಚು. ಮತ್ತೆ ಯಾಕೆ ಇಷ್ಟೆಲ್ಲ ಗೋಳು? ಸಿಕ್ಕಿದ್ದನ್ನು ವರ್ಕ್‌ಬೆಂಚ್ ಮೇಲೆ ಇಟ್ಟು ಒಂದೊಂದು ಗಟ್ಟಿ ಹಾಕಿ ಇನ್ನೂ ಗಟ್ಟಿ ಮಾಡಬಹುದಲ್ಲ, ಅದಕ್ಕೆ. ಆ ಜಾತಿಯ ಪರ್ಕ್ ನಿಮ್ಮ ಹತ್ತಿರ ಇದ್ದರೆ ಆ ಏರಿಕೆ ಇಮ್ಮಡಿ. ಏರಿದ ಅಂಕಿ ಮೂಲ ಅಂಕಿಗೆ ಸೇರಿ, ಮೇಲೆ ಹೇಳಿದ ಗುಣಾಕಾರಗಳೆಲ್ಲ ಅದರ ಮೇಲೂ ನಡೆಯುತ್ತವೆ. ಕಮ್ಮಾರಿಕೆ ಏರಿದ ಹಾಗೆ ಅದೇ ಸೆಟ್ಟನ್ನು ಮತ್ತೆ ಮತ್ತೆ ಬೆಂಚಿಗೆ ತನ್ನಿ. ಹುಡುಕಿ ಪಡೆದದ್ದು ಹಳತಾಗುತ್ತದೆ, ಇದು ನಿಮ್ಮ ಜೊತೆ ಬೆಳೆಯುತ್ತದೆ.

ಒಂದು ಅಪಾಯ ಉಂಟು. ಕಮ್ಮಾರಿಕೆ ಏರಿದರೂ ನಿಮ್ಮ ಲೆವೆಲ್ ಏರುತ್ತದೆ. ನಿಮ್ಮ ಲೆವೆಲ್ ನೋಡಿ ಶತ್ರುಗಳೂ ದಪ್ಪ ಆಗುತ್ತಾರೆ. ಬರೀ ಉಂಗುರ ಮಾಡುತ್ತಾ 15ಕ್ಕೆ ಹೋದವನು ಕತ್ತಿ ಹಿಡಿಯಲು ಕಲಿತಿರುವುದಿಲ್ಲ. ಹಾಗಾಗಿ ನಡುನಡುವೆ ಇಲಿ, ತೋಳಗಳ ಹತ್ತಿರ ಏಟು ತಿನ್ನಿ. ಆರ್ಮರ್ ಕೌಶಲ್ಯ ಮುಖ್ಯವಾಗಿ ಏರುವುದು ಏಟು ತಿಂದರೇ.

ಬೇರೆ ಆಟಗಳಲ್ಲಿ ಬೀಗ ಬೇರೆ

ಎಲ್ಡನ್ ರಿಂಗ್‌ನಲ್ಲಿ (2022ರ ಫೆಬ್ರವರಿ 25) ಈ ಇಡೀ ಲೆಕ್ಕ ತಲೆಕೆಳಗು. ಅಲ್ಲಿ ಆರ್ಮರ್‌ಗೆ ಕೌಶಲ್ಯ ಇಲ್ಲ, ಬೆಂಚಿಗೆ ಇಟ್ಟು ಏರಿಸುವುದೂ ಇಲ್ಲ, ಇಷ್ಟು ಬಲ ಇದ್ದರೆ ಮಾತ್ರ ತೊಡು ಅನ್ನುವ ಷರತ್ತೂ ಇಲ್ಲ. ಮೊದಲ ದಿನ ಸಿಕ್ಕ ಕವಚಕ್ಕೆ ಕೊನೆಯ ದಿನವೂ ಅದೇ ಅಂಕಿ. ಬೇಗ ಸಿಕ್ಕಿದರೆ ನಿಜವಾಗಿಯೂ ಲಾಭ ಇರುವ ಆಟ ಇದು. ಶುರುವಿನಲ್ಲೇ ಎಲೇ ಚರ್ಚಿನಲ್ಲಿ ಕೂತ ವ್ಯಾಪಾರಿ ಕಾಲೇ ಹತ್ತಿರ ಸರಪಳಿಯ ಕವಚ ಸಿಗುತ್ತದೆ. ಇನ್ನೂ ಗಟ್ಟಿಯಾದದ್ದು ಬೇಕಿದ್ದರೆ ಸ್ಟಾರ್ಮ್‌ವೇಲ್ ಕೋಟೆಯ ಬ್ಯಾನಿಶ್ಡ್ ನೈಟ್‌ಗಳನ್ನು ಕೊಲ್ಲುತ್ತಾ ಇರಿ, ಅವರ ಮೈಮೇಲಿನದ್ದೇ ಒಮ್ಮೊಮ್ಮೆ ಬೀಳುತ್ತದೆ.

ಇಲ್ಲಿನ ಬೀಗ ತೂಕ. ಹೊರುವ ಶಕ್ತಿಯ ಶೇಕಡಾ 30ರ ಒಳಗಿದ್ದರೆ ಹಗುರ ಉರುಳು, 70ರ ಒಳಗಿದ್ದರೆ ಸಾಧಾರಣ, 70 ಮುಟ್ಟಿದರೆ ಅಕ್ಕಿ ಮೂಟೆ ಉರುಳಿದ ಹಾಗೆ. ಈ ಆಟದಲ್ಲಿ ಬದುಕುವುದೇ ಉರುಳಿ ತಪ್ಪಿಸಿಕೊಂಡು. ಹಾಗಾಗಿ 70 ದಾಟಿಸಿ ಭಾರ ಹೇರಿಕೊಂಡವನು ತಡೆದದ್ದಕ್ಕಿಂತ ತಿಂದದ್ದೇ ಜಾಸ್ತಿ.

ಭಾರದ ಕವಚಕ್ಕೆ ಇಲ್ಲಿ ಇನ್ನೊಂದು ಗುಣ ಇದೆ, ಪಾಯ್ಸ್. ಅದನ್ನು ಅಕ್ಕನ ಮಗನಿಗೆ ವಿವರಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಸಂಜೆ ದಾದರ್‌ನಲ್ಲಿ ಕಲ್ಯಾಣ್ ಫಾಸ್ಟ್ ಹತ್ತುವಾಗ ಹಿಂದಿನಿಂದ ದೂಡುತ್ತಾರಲ್ಲ, ಆ ದೂಡಿನಿಂದ ಮೈಗೆ ನೋವಾಗುವುದಿಲ್ಲ. ಆದರೆ ಕಾಲು ಊರದವನು ಕಂಬಿ ಹಿಡಿಯಲು ಹೋದ ಕೈ ತಪ್ಪಿ ಪ್ಲಾಟ್‌ಫಾರ್ಮ್ ಮೇಲೇ ಉಳಿಯುತ್ತಾನೆ. ಕಾಲು ಊರಿದವನು ದೂಡಿಸಿಕೊಂಡೇ ಕಂಬಿ ಹಿಡಿಯುತ್ತಾನೆ. ಪಾಯ್ಸ್ ಅಂದರೆ ಅದೇ. ನೀವು ಕತ್ತಿ ಎತ್ತಿದ ಹೊತ್ತಿಗೆ ಪೆಟ್ಟು ಬಿದ್ದರೆ ನಿಮ್ಮ ಏಟು ಅಲ್ಲಿಗೇ ಕಡಿಯುತ್ತದೋ, ಪೂರ್ತಿ ಆಗುತ್ತದೋ. ದೊಡ್ಡ ಕತ್ತಿ ನಿಧಾನಕ್ಕೆ ಬೀಸುವವರಿಗೆ ನೋವು ತಡೆಯುವ ಅಂಕಿಗಿಂತ ಇದು ಮುಖ್ಯ.

ಜೆಲ್ಡಾ ಸರಣಿಯ 'ಬ್ರೆತ್ ಆಫ್ ದ ವೈಲ್ಡ್'ನಲ್ಲಿ (2017) ಶೇಕಡಾ ಲೆಕ್ಕವೇ ಇಲ್ಲ, ಬರೀ ಕಳೆಯುವುದು. ಪೆಟ್ಟಿನಿಂದ ನಿಮ್ಮ ರಕ್ಷಣೆಯ ಅಂಕಿ ಕಳೆಯಿರಿ, ಉಳಿದದ್ದು ಕಾಲು ಕಾಲು ಹೃದಯವಾಗಿ ಹೋಗುತ್ತದೆ. ಶುರುವಿನಲ್ಲಿ ನಿಮಗಿರುವುದು ಮೂರೇ ಹೃದಯ. ಹತೇನೋ ಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಸಿಗುವ ಸೈನಿಕರ ಸೆಟ್ ಮೂರು ತುಂಡಿಗೆ 12 ರಕ್ಷಣೆ. ಅಂದರೆ ಬೀಳುವ ಪ್ರತಿ ಏಟಿನಲ್ಲೂ ಮೂರು ಹೃದಯ ಮಾಫಿ! ಸ್ಕೈರಿಮ್‌ನ ಎರಡೂವರೆ ಶೇಕಡಾ ಎಲ್ಲಿ, ಇದೆಲ್ಲಿ. ಇಲ್ಲಿ ಬೀಗ ಬರೀ ದುಡ್ಡು. ಆ ದುಡ್ಡಿನ ಹೆಸರು ರೂಪಿ ಅಂತಲೇ ಇರುವುದರಿಂದ ಖರ್ಚು ಮಾಡುವಾಗ ನನಗೆ ಸ್ವಲ್ಪ ಸಂಕಟವಾಗುತ್ತದೆ.

ವಿಚರ್ 3ರಲ್ಲಿ (2015) ಕವಚದ ಮೇಲೇ ಲೆವೆಲ್ ಬರೆದಿರುತ್ತದೆ. ಗ್ರಿಫಿನ್ ಹೆಸರಿನ ಸೆಟ್ಟು 11, ಬೆಕ್ಕಿನದು 17, ಕರಡಿಯದು 20. ಕವಚ ಮಾಡುವ ನಕ್ಷೆ ಮೊದಲೇ ಹುಡುಕಿ ಇಟ್ಟುಕೊಳ್ಳಬಹುದು, ತೊಡುವುದು ಆಮೇಲೆ. ಅಲ್ಲಿ ಹೇಳಲು ಇಷ್ಟೇ.

ಹಳಬರಿಗೆ ಮಾತ್ರ ಮಾರೋವಿಂಡ್ ನೆನಪು. ಸ್ಕೈರಿಮ್ ಸರಣಿಯದ್ದೇ ಆದ 2002ರ ಆ ಆಟದಲ್ಲಿ ಒಳ್ಳೆಯ ವಸ್ತುಗಳನ್ನು ತುಂಬಾ ಕಡೆ ಕೈಯಿಂದಲೇ ಇಟ್ಟಿದ್ದರು, ಬೀಗ ಇಲ್ಲ. ಅದೇ ವರ್ಷ ಬಂದ ಟ್ರಿಬ್ಯೂನಲ್ ಕಂತು ಹಾಕಿದರೆ ನೀವು ಲೆವೆಲ್ 1ರಲ್ಲಿ ಮಲಗಿದರೂ ರಾತ್ರಿ ಕೊಲೆಗಾರ ಬರುತ್ತಿದ್ದ. ಹೇಗಾದರೂ ಮಾಡಿ ಅವನನ್ನು ಕೊಂದರೆ ಆ ಹೊತ್ತಿಗೆ ಅತಿಯಾಯಿತು ಅನ್ನುವಷ್ಟು ಒಳ್ಳೆಯ ಆರ್ಮರ್ ನಿಮ್ಮದು. ಹುಡುಕುವುದೇ ಬೇಡ, ಮನೆ ಬಾಗಿಲಿಗೆ ಡೆಲಿವರಿ. ಇನ್ನೊಂದು, ದಾರಿಯಲ್ಲಿ ಸಿಗುವ ಪೆಮೆನಿ ಎಂಬ ಹೆಂಗಸಿನ ಬೂಟ್ಸು. ಹಾಕಿದರೆ ವೇಗ 200 ಏರುತ್ತದೆ, ಕಣ್ಣು ಪೂರ್ತಿ ಕತ್ತಲೆ. ಮಾಟ ತಡೆಯುವ ಶಕ್ತಿ ಇದ್ದವರಿಗೆ ಕತ್ತಲೆ ಅಷ್ಟು ಕಡಿಮೆ. ನಾನು ಒಂದು ಇಡೀ ವಾರ ಅರೆಗುರುಡನಾಗಿ ಓಡಿದ್ದೇನೆ. ಆ ಮೇಲೆ ಬಂದ ಆಬ್ಲಿವಿಯನ್‌ನಲ್ಲಿ (2006) ಎಲ್ಲಕ್ಕೂ ಲೆವೆಲ್ ಕಟ್ಟಿದರು. ಕೊನೆಗೆ ದಾರಿಗಳ್ಳರೂ ದುಬಾರಿ ಗ್ಲಾಸ್ ಆರ್ಮರ್ ಹಾಕಿ ನಿಂತು ನೂರು ನಾಣ್ಯ ಕೊಡು ಅನ್ನುವ ಸ್ಥಿತಿ ಬಂತು. ಅದೇ ಆಟಕ್ಕೆ ಆ ವರ್ಷ ಏಪ್ರಿಲ್‌ನಲ್ಲಿ ಎರಡೂವರೆ ಡಾಲರಿಗೆ ಕುದುರೆಯ ಆರ್ಮರ್ ಮಾರಿದರು. ಜನ ಇನ್ನೂ ನಗುತ್ತಿದ್ದಾರೆ.

ಸ್ಕೈರಿಮ್‌ಗೇ ಮರಳಿ ಒಂದು ಗುಟ್ಟು. ಮಧ್ಯದ ಅಡೆಪ್ಟ್‌ನಿಂದ ಕೆಳಗಿನ ನೋವಿಸ್‌ಗೆ ಕಷ್ಟದ ಮಟ್ಟ ಇಳಿಸಿದರೆ ಬೀಳುವ ಪೆಟ್ಟು ಅರ್ಧಕ್ಕರ್ಧ. ಹೊಸಬನಿಗೆ ಡೇಡ್ರಿಕ್ ಕೊಟ್ಟರೂ ಶೇಕಡಾ 26, ಇದು ಶೇಕಡಾ 50, ಅದೂ ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್. ಅಕ್ಕನ ಮಗನಿಗೆ ಹೇಳಿದೆ. "ಅದೆಲ್ಲ ಮೋಸ ಮಾಮ" ಅಂದ. ಹೋಗಲಿ ಬಿಡಿ.

ಸಂಜೆ ಆರಕ್ಕೆ ಲೋಕಲ್ ಶುರುವಾಯಿತು ಅಂತ ಗೊತ್ತಾಯಿತು. ಅಷ್ಟರಲ್ಲಿ ಅವನ ಡ್ವಾರ್ವನ್ ಸೆಟ್ಟಿನ ನಾಲ್ಕೂ ತುಂಡು ಆಗಿತ್ತು. ಹೆಲ್ಮೆಟ್ಟನ್ನು ಕೊನೆಗೆ ಬೆಂಚಿಗೆ ಇಟ್ಟು ಎರಡು ಸಲ ಬಡಿದ. ಆಟದ ಫೈಲನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು, ನನ್ನ ಕೊಡೆ ತೆಗೆದುಕೊಂಡು ಮುಲುಂಡ್‌ಗೆ ಹೊರಟ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು. ವೈಟ್‌ರನ್ ಹತ್ತಿರದ ದೈತ್ಯನ ಎದುರು ಆರ್ಮರ್ ಪರೀಕ್ಷೆ ಮಾಡಲು ಹೋಗಿದ್ದನಂತೆ. ಒಂದೇ ಏಟಿಗೆ ಆಕಾಶಕ್ಕೆ ಹಾರಿದ್ದಾನೆ. ಹೆಲ್ಮೆಟ್ ಮಾತ್ರ ತಲೆಯ ಮೇಲೇ ಇತ್ತು ಅಂತ ಬರೆದಿದ್ದ. ಕೊಡೆಯ ಬಗ್ಗೆ ಕೇಳಿದೆ. ಟ್ರೇನಿನಲ್ಲೇ ಮರೆತಿದ್ದಾನೆ.